ನಿಮಗಿದು ಗೊತ್ತೇ? ಹಳೇ ಗಾಡಿಯ ಕಿಡಿ ಹಾರೋ ಗಳಿಗೆ!

ಜಾವಾ, ಯೆಜ್ಡಿ ಬೈಕು ಮಾಡುತ್ತಿದ್ದ ಮೈಸೂರಿನ ಐಡಿಯಲ್ ಜಾವಾ ಕಾರ್ಖಾನೆ ಬಾಗಿಲು ಮುಚ್ಚಿದ್ದು 1996ರಲ್ಲಿ. ಕೊಪ್ಪಳ ಜಿಲ್ಲೆ ಹುಟ್ಟಿದ್ದು 1997ರಲ್ಲಿ. ಅಂದರೆ ಗಂಗಾವತಿ, ಕುಷ್ಟಗಿ, ಯಲಬುರ್ಗಾ ರಸ್ತೆಯಲ್ಲಿ ನಿಮಗೆ ಮೈಸೂರಿನ ಯೆಜ್ಡಿ ಯಾವುದೇ ಎದುರಾಗಲಿ, ಅದು ಜಿಲ್ಲೆಗಿಂತ ವಯಸ್ಸಿನಲ್ಲಿ ದೊಡ್ಡದು!

ಆ ಗಾಡಿಯ ಇಂಜಿನ್ ಬಿಚ್ಚಿಸಿ, ಬೋರ್ ಮಾಡಿಸಿ, ಹೊಸ ಪಿಸ್ಟನ್ ಹಾಕಿಸಿದಿರಿ ಅನ್ನಿ. ಕಾರ್ಬೊರೇಟರ್ ಸ್ವಚ್ಛ, ಪ್ಲಗ್ ಹೊಸದು. ಆದರೂ ಕಿಕ್ ಹೊಡೆದು ಹೊಡೆದು ಕಾಲು ಸೋಲುತ್ತದೆ. ಯಾಕೆ? ಟೈಮಿಂಗ್, ಅಂದರೆ ಕಿಡಿ ಹಾರುವ ಗಳಿಗೆ, ಕೂತಿಲ್ಲ!

ಪಿಸ್ಟನ್ ಪೂರ್ತಿ ಮೇಲೆ ಬಂದಾಗ ಕಿಡಿ ಹಾರುತ್ತದೆ ಅಂದುಕೊಂಡಿದ್ದೀರಾ? ಅಲ್ಲವೇ ಅಲ್ಲ. ಅದಕ್ಕೂ ಮೊದಲೇ ಹಾರಬೇಕು! ಪೆಟ್ರೋಲು ಹೊತ್ತಿಕೊಂಡು ಉರಿ ಹರಡಲು ಒಂದಿಷ್ಟು ಹೊತ್ತು ಬೇಕು. ಯೆಜ್ಡಿ 250ರಲ್ಲಿ ಪಿಸ್ಟನ್ ಮೇಲೆ ಮುಟ್ಟಲು ಇನ್ನು ಸುಮಾರು 3 ಮಿಲಿಮೀಟರ್ ಇದೆ ಅನ್ನುವಾಗಲೇ ಕಿಡಿ. ಪಿಸ್ಟನ್ ಓಡುವ ಒಟ್ಟು ದಾರಿ 75 ಮಿಲಿಮೀಟರ್. ಅದರಲ್ಲಿ ಈ ಮೂರೇ ಮೂರು ಮಿಲಿಮೀಟರಿನ ಮೇಲೆ ಇಡೀ ಗಾಡಿಯ ಹಣೆಬರಹ!

ಆ ಮೂರು ಮಿಲಿಮೀಟರ್ ದಾಟಲು ಎಷ್ಟು ಹೊತ್ತು? ಇಂಜಿನ್ ನಿಮಿಷಕ್ಕೆ 4500 ಸುತ್ತು ತಿರುಗುವಾಗ ಸೆಕೆಂಡಿನ ಸಾವಿರದಲ್ಲೊಂದು ಭಾಗವೂ ಬೇಡ! ಯೆಜ್ಡಿ ಟೂ ಸ್ಟ್ರೋಕ್ ಗಾಡಿ, ಸುತ್ತಿಗೊಂದು ಕಿಡಿ. ಸೆಕೆಂಡಿಗೆ 75 ಕಿಡಿ! ನೀವು ಒಮ್ಮೆ ಕಣ್ಣು ಮಿಟುಕಿಸುವುದರೊಳಗೆ ಎಷ್ಟೋ ಹಾರಿ ಹೋಗಿರುತ್ತವೆ.

ಹಳೇ ಜಾವಾದ ಬ್ಯಾಟರಿ ಬರೀ 6 ವೋಲ್ಟ್. ಪ್ಲಗ್ಗಿನಲ್ಲಿ ಕಿಡಿ ಹಾರಲು ಬೇಕಾದದ್ದು ಸಾವಿರಾರು ವೋಲ್ಟ್! ಆರನ್ನು ಸಾವಿರಾರು ಮಾಡುವುದು ಕಾಯಿಲ್. ಅದಕ್ಕೆ 'ಈಗ ಬಿಡು' ಎಂದು ಹೇಳುವುದು ಸಿಬಿ ಪಾಯಿಂಟ್. ಪಾಯಿಂಟ್ ಬಾಯಿ ಬಿಟ್ಟ ಕ್ಷಣವೇ ಕಿಡಿ. ಮುಚ್ಚಿದಾಗಲ್ಲ, ಬಿಟ್ಟಾಗ!

ಆ ಬಾಯಿ ಎಷ್ಟು ಬಿಡಬೇಕು ಗೊತ್ತೇ? ಅರ್ಧ ಮಿಲಿಮೀಟರಿಗಿಂತಲೂ ಕಡಿಮೆ! ಇಲ್ಲೊಂದು ತಮಾಷೆ ಇದೆ. ಗ್ಯಾಪ್ ಜಾಸ್ತಿ ಮಾಡಿದರೆ ಪಾಯಿಂಟ್ ಬೇಗ ಬಿಡುತ್ತದೆ, ಕಿಡಿ ಬೇಗ ಹಾರುತ್ತದೆ. ಕಡಿಮೆ ಮಾಡಿದರೆ ತಡ. ಅದಕ್ಕೇ ಪಳಗಿದ ಮೆಕ್ಯಾನಿಕ್ ಮೊದಲು ಗ್ಯಾಪ್ ನೋಡುತ್ತಾನೆ, ಆಮೇಲೇ ಟೈಮಿಂಗ್. ಉಲ್ಟಾ ಮಾಡಿದರೆ ಮಾಡಿದ ಕೆಲಸವೆಲ್ಲ ನೀರಲ್ಲಿ ಹೋಮ!

ಇನ್ನೂ ಸೋಜಿಗ ಕೇಳಿ. ನೀವು ಮುಟ್ಟದಿದ್ದರೂ ಟೈಮಿಂಗ್ ತಾನಾಗಿಯೇ ಜರುಗುತ್ತದೆ! ಪಾಯಿಂಟಿನ ಪುಟ್ಟ ಹಿಮ್ಮಡಿ ಕ್ಯಾಮಿಗೆ ಉಜ್ಜಿ ಉಜ್ಜಿ ಸವೆಯುತ್ತದೆ. ಗ್ಯಾಪ್ ಕಿರಿದಾಗುತ್ತದೆ. ಕಿಡಿ ದಿನದಿನಕ್ಕೆ ತಡವಾಗುತ್ತದೆ.

ಪಾಯಿಂಟ್ ಬಾಯಿ ಬಿಟ್ಟಿತೋ ಇಲ್ಲವೋ, ಕಣ್ಣಿಗೆ ಕಾಣುವುದಿಲ್ಲ. ಹಾಗಾದರೆ ತಿಳಿಯುವುದು ಹೇಗೆ? ಸಿಗರೇಟು ಪ್ಯಾಕಿನ ತೆಳು ಹಾಳೆಯಿಂದ! ಪಾಯಿಂಟಿನ ನಡುವೆ ಹಾಳೆ ಸಿಕ್ಕಿಸಿ, ಮೆಲ್ಲಗೆ ಎಳೆಯುತ್ತ ಇಂಜಿನ್ ತಿರುಗಿಸುತ್ತಾರೆ. ಹಾಳೆ ಸರಕ್ಕನೆ ಜಾರಿತೇ? ಅದೇ ಗಳಿಗೆ! ಬೆಲೆಬಾಳುವ ಉಪಕರಣ ಬೇಕೇ ಇಲ್ಲ. ಈ ಕೈಚಳಕ ನನಗಂತೂ ದೊಡ್ಡ ವಿದ್ಯೆ.

ಹಳೇ ಬುಲೆಟ್ ಇದ್ದವರಿಗೆ ಹಾಳೆಯೂ ಬೇಡ. ಹೆಡ್‌ಲೈಟಿನ ಮೇಲೆ ಆ್ಯಂಪಿಯರ್ ಮೀಟರ್ ಇದೆಯಲ್ಲ, ಅದೇ ಹೇಳುತ್ತದೆ! ಕೀ ಹಾಕಿ, ಕಿಕ್ಕರನ್ನು ಮೆಲ್ಲಗೆ ಒತ್ತಿ. ಪಾಯಿಂಟ್ ಮುಚ್ಚಿದ್ದಾಗ ಮುಳ್ಳು ಒಂದು ಕಡೆ ವಾಲುತ್ತದೆ. ಬಿಟ್ಟ ಕೂಡಲೇ ನಡುವಿಗೆ ಬರುತ್ತದೆ!

ಕಿಡಿ ತೀರಾ ಬೇಗ ಹಾರಿದರೆ? ಕಿಕ್ಕರ್ ತಿರುಗಿ ನಿಮ್ಮನ್ನೇ ಒದೆಯುತ್ತದೆ! ಓಡುವಾಗ ಟಣ್ ಟಣ್ ಎಂದು ನಾಕಿಂಗ್. ನಮ್ಮ ಏಪ್ರಿಲ್ ಬಿಸಿಲಲ್ಲಂತೂ ಆ ಸದ್ದು ಇನ್ನೂ ಜೋರು. ಹಾಗೇ ಬಿಟ್ಟರೆ ಪಿಸ್ಟನ್ ತಲೆ ಕರಗಿ ತೂತೇ ಬೀಳಬಹುದು! ತಡವಾದರೆ ಎಳೆತ ಇಲ್ಲ, ಇಂಜಿನ್ ಕಾಯುತ್ತದೆ, ಪೆಟ್ರೋಲು ಖಾಲಿ.

ಜಾವಾ 250ಕ್ಕೆ ಸೈಲೆನ್ಸರ್ ಎರಡು, ಸಿಲಿಂಡರ್ ಒಂದೇ! ನಿಜವಾಗಿ ಎರಡು ಸಿಲಿಂಡರ್ ಇದ್ದದ್ದು ಮೈಸೂರಿನದೇ 350 ಟ್ವಿನ್‌ಗೆ. ಅದಕ್ಕೆ ಪಾಯಿಂಟೂ ಎರಡು ಜೊತೆ. ಟೈಮಿಂಗ್ ಎರಡು ಸಲ ಕೂರಿಸಬೇಕು!

ಹಳೇ ಜೀಪು, ಅಂಬಾಸಿಡರಿಗೆ ಟೈಮಿಂಗ್ ಲೈಟ್ ಹಿಡಿಯುತ್ತಾರೆ. ಒಂದನೇ ಪ್ಲಗ್ಗಿನಲ್ಲಿ ಕಿಡಿ ಹಾರಿದಾಗಲೆಲ್ಲ ಅದು ಮಿಂಚುತ್ತದೆ. ಗಿರ್ರನೆ ತಿರುಗುವ ಪುಲ್ಲಿಯ ಗುರುತು ನಿಂತೇ ಬಿಟ್ಟಂತೆ ಕಾಣುತ್ತದೆ! ತಿರುಗುತ್ತಲೇ ಇರುತ್ತದೆ, ಕೈ ಹಾಕಬೇಡಿ!

ಗಂಗಾವತಿ ಭತ್ತದ ಗದ್ದೆಯ ಟ್ರ್ಯಾಕ್ಟರಿಗೆ ಈ ತಲೆನೋವೇ ಇಲ್ಲ. ಡೀಸೆಲ್ ಇಂಜಿನ್ನಿಗೆ ಕಿಡಿಯೇ ಬೇಡ! ಗಾಳಿಯನ್ನು ಅದುಮಿದ ಬಿಸಿಗೇ ಡೀಸೆಲ್ ಹೊತ್ತಿಕೊಳ್ಳುತ್ತದೆ. ಆದರೆ ಡೀಸೆಲ್ ಚಿಮ್ಮುವುದಕ್ಕೆ ಮಾತ್ರ ಟೈಮಿಂಗ್ ಬೇಕೇ ಬೇಕು.

ಕೊನೆಗೊಂದು ಬೆರಗು. ಟೂ ಸ್ಟ್ರೋಕ್ ಇಂಜಿನ್ ಉಲ್ಟಾ ತಿರುಗಿಯೂ ಓಡಬಲ್ಲದು! ಜರ್ಮನಿಯ ಮೆಸರ್‌ಶ್ಮಿಟ್ ಕೆಆರ್200 ಎಂಬ ಮೂರು ಚಕ್ರದ ಪುಟ್ಟ ಕಾರಿಗೆ ರಿವರ್ಸ್ ಗೇರೇ ಇರಲಿಲ್ಲ. ಇಂಜಿನ್ ಆಫ್ ಮಾಡಿ, ಉಲ್ಟಾ ಚಾಲೂ ಮಾಡಬೇಕು. ಅದಕ್ಕೆಂದೇ ಬೇರೆ ಪಾಯಿಂಟ್! ಆಗ ಹಿಂದಕ್ಕೆ ಓಡಲು ಗೇರ್ ಎಷ್ಟು ಗೊತ್ತೇ? ನಾಲ್ಕಕ್ಕೆ ನಾಲ್ಕೂ!