ತಾಯಿಯ ಥೈರಾಯ್ಡ್ ತೆಗೆದ ಮೇಲೂ ಶಿಶುವಿಗೆ ತಪ್ಪದ ಅಪಾಯ

ಥೈರಾಯ್ಡ್ ಗ್ರಂಥಿಯನ್ನು ಶಸ್ತ್ರಚಿಕಿತ್ಸೆಯಿಂದ ತೆಗೆಸಿಕೊಂಡು ವರ್ಷಗಳೇ ಕಳೆದ ಮಹಿಳೆ ಗರ್ಭಿಣಿಯಾದಾಗ, ಹಳೆಯ ಕಾಯಿಲೆಯನ್ನು ವೈದ್ಯರಿಗೆ ಹೇಳದೇ ಇರುವುದುಂಟು. ಗ್ರೇವ್ಸ್ ಕಾಯಿಲೆಯ ವಿಷಯದಲ್ಲಿ ಈ ಮೌನ ನವಜಾತ ಶಿಶುವಿನ ಪ್ರಾಣಕ್ಕೇ ಎರವಾಗಬಹುದು.

ಐರ್ಲೆಂಡಿನ ವೈದ್ಯ ರಾಬರ್ಟ್ ಗ್ರೇವ್ಸ್ 1835ರಲ್ಲಿ ವಿವರಿಸಿದ ಈ ಕಾಯಿಲೆಯಲ್ಲಿ, ಥೈರಾಯ್ಡನ್ನು ಸದಾ ಕೆರಳಿಸುವ ಪ್ರತಿಕಾಯಗಳನ್ನು ದೇಹವೇ ತಯಾರಿಸುತ್ತದೆ. ಗ್ರಂಥಿಯನ್ನು ತೆಗೆದರೂ, ವಿಕಿರಣ ಅಯೋಡಿನ್ ಚಿಕಿತ್ಸೆ ನೀಡಿದರೂ ಇವು ರಕ್ತದಲ್ಲಿ ವರ್ಷಗಟ್ಟಲೆ ಉಳಿಯಬಲ್ಲವು. ತಾಯಿಯಲ್ಲಿ ಕೆರಳಿಸಲು ಗ್ರಂಥಿಯೇ ಇಲ್ಲ. ಆದರೆ ಮಾಸನ್ನು ದಾಟಿದರೆ ಶಿಶುವಿನ ಎಳೆಯ ಗ್ರಂಥಿಯಿದೆ.

ತೊಂದರೆ ಅಪರೂಪವೇ ಸರಿ. ಗ್ರೇವ್ಸ್ ಇರುವ ತಾಯಂದಿರ ನೂರು ಶಿಶುಗಳಲ್ಲಿ 1ರಿಂದ 5ಕ್ಕೆ ಬರುತ್ತದೆ. ಥೈರಾಕ್ಸಿನ್ ಮಾತ್ರೆ ನುಂಗುವ ಗರ್ಭಿಣಿಯರೆಲ್ಲ ಹೆದರಬೇಕಿಲ್ಲ. ಬಹುಪಾಲು ಮಂದಿಯದು ಗ್ರಂಥಿ ಮಂದವಾದ ಬೇರೆಯೇ ಕಾಯಿಲೆ.

ತಾಯಿ ಕಾರ್ಬಿಮಜೋಲ್ ಸೇವಿಸುತ್ತಿದ್ದರೆ ಮೋಸ ಇನ್ನೂ ಸೂಕ್ಷ್ಮ. ಆ ಔಷಧವೂ ಗರ್ಭಕ್ಕೆ ತಲುಪಿ ಶಿಶುವಿನ ಗ್ರಂಥಿಯನ್ನು ಅಂಕೆಯಲ್ಲಿಡುತ್ತದೆ. ಹೆರಿಗೆಯಾದ ಕೆಲವೇ ದಿನಗಳಲ್ಲಿ ಔಷಧ ಕರಗುತ್ತದೆ, ಪ್ರತಿಕಾಯ ಉಳಿಯುತ್ತದೆ. ಹೀಗಾಗಿ ಲಕ್ಷಣಗಳು ವಾರ, ಹತ್ತು ದಿನ ಕಳೆದು ಕಾಣಿಸಿಕೊಳ್ಳಬಹುದು. ಮೈಸೂರಿನ ಚೆಲುವಾಂಬ ಆಸ್ಪತ್ರೆಯಲ್ಲಿ ಹೆತ್ತ ಬಾಣಂತಿ ಅಷ್ಟರಲ್ಲಿ ಮಿರ್ಲೆಯಂಥ ಊರಿನ ತವರುಮನೆ ಸೇರಿರುತ್ತಾಳೆ. ಮಗು ಹಾಲನ್ನು ಚೆನ್ನಾಗಿ ಕುಡಿದರೂ ತೂಕ ಏರದು. ಸದಾ ರಚ್ಚೆ, ಬೆವರು, ಭೇದಿ. ಎದೆ ಅತಿವೇಗವಾಗಿ ಬಡಿದುಕೊಳ್ಳುತ್ತದೆ, ಕಣ್ಣು ದಿಟ್ಟಿಸಿದಂತೆ ತೋರಬಹುದು. ಮನೆಯವರು ದೃಷ್ಟಿ ತೆಗೆಯುತ್ತ ದಿನ ಕಳೆದರೆ ಹೃದಯ ಸೋಲುವ ಅಪಾಯವಿದೆ.

ಹಿಮ್ಮಡಿಯ ರಕ್ತ ತೆಗೆದು ಮಾಡುವ ಥೈರಾಯ್ಡ್ ಪರೀಕ್ಷೆಯನ್ನೂ ಇಲ್ಲಿ ನಂಬುವಂತಿಲ್ಲ. ಅದು ಹುಡುಕುವುದು ಟಿಎಸ್ಎಚ್ ಏರಿದ ಮಕ್ಕಳನ್ನು. ಈ ಮಕ್ಕಳಲ್ಲಿ ಅದು ಇಳಿದಿರುತ್ತದೆ.

ಗರ್ಭದ ಆರಂಭದಲ್ಲೇ ಪ್ರತಿಕಾಯದ ಪ್ರಮಾಣ ಅಳೆಯಬೇಕು. ಹೆಚ್ಚಿದ್ದರೆ 18ರಿಂದ 22ನೇ ವಾರದಲ್ಲಿ ಮತ್ತೊಮ್ಮೆ. ಶಿಶುವಿನ ರಕ್ತವನ್ನು 3ರಿಂದ 5ನೇ ದಿನ, ಮತ್ತೆ 10ರಿಂದ 14ನೇ ದಿನದೊಳಗೆ ಪರೀಕ್ಷಿಸುವುದು ರೂಢಿ. ಕಾಯಿಲೆ ಖಚಿತವಾದರೆ ಮೆಥಿಮಜೋಲ್ ಅಥವಾ ಕಾರ್ಬಿಮಜೋಲ್, ಎದೆಬಡಿತ ತಗ್ಗಿಸಲು ಪ್ರೊಪ್ರನಲಾಲ್. ತಾಯಿಯಿಂದ ಬಂದ ಪ್ರತಿಕಾಯ ಮೂರ್ನಾಲ್ಕು ತಿಂಗಳಲ್ಲಿ ಅಳಿಯುವುದರಿಂದ ಚಿಕಿತ್ಸೆಯೂ ಸಾಮಾನ್ಯವಾಗಿ ಅಲ್ಲಿಗೆ ಮುಗಿಯುತ್ತದೆ. ಎದೆಹಾಲು ನಿಲ್ಲಿಸಬೇಕಿಲ್ಲ.

ಆಸ್ಪತ್ರೆಯಲ್ಲಿ ಹೆರಿಗೆಯಾದ ಬಾಣಂತಿಯರ ಮನೆಗೆ ಆಶಾ ಕಾರ್ಯಕರ್ತೆಯರು 3, 7 ಮತ್ತು 14ನೇ ದಿನ ಭೇಟಿ ನೀಡಿ ಮಗುವಿನ ತೂಕ ನೋಡುವ ವ್ಯವಸ್ಥೆಯಿದೆ. ತಾಯಿ ಕಾರ್ಡಿನಲ್ಲಿ ಗ್ರೇವ್ಸ್ ಎಂದು ಬರೆಸಿದ್ದರೆ, ತೂಕ ಏರದ ಮಗುವನ್ನು ಅವರು ಕೂಡಲೇ ಮಕ್ಕಳ ತಜ್ಞರ ಬಳಿ ಕಳುಹಿಸಬಲ್ಲರು.