ಎಥನಾಲಿನ ಕೊನೆಯ ನೀರು

ಠಾಣೆ, ಡೊಂಬಿವಲಿ, ಕಲ್ಯಾಣ ಮತ್ತು ನವಿ ಮುಂಬಯಿಯ ಬಂಕುಗಳಲ್ಲಿ ಇಂದು ಸಿಗುವ ಪೆಟ್ರೋಲಿನಲ್ಲಿ ಶೇ. 20ರವರೆಗೆ ಎಥನಾಲ್ ಬೆರೆತಿರುತ್ತದೆ. ಕಬ್ಬಿನ ಕಾಕಂಬಿಯಿಂದಲೋ ಭತ್ತದ ಹುಲ್ಲಿನಿಂದಲೋ ತಯಾರಾಗುವ ಈ ಮದ್ಯಸಾರ ಸುಮಾರು ಶೇ. 99.5ರಷ್ಟು ಶುದ್ಧವಾಗಿರಲೇಬೇಕು, ಇಲ್ಲವಾದರೆ ನೀರು ಎಥನಾಲನ್ನು ತನ್ನತ್ತ ಸೆಳೆದುಕೊಂಡು ಪೆಟ್ರೋಲಿನಿಂದ ಬೇರ್ಪಟ್ಟು ಟ್ಯಾಂಕಿನ ತಳದಲ್ಲಿ ನಿಲ್ಲುತ್ತದೆ.

ಹುದುಗಿಸಿದ ದ್ರವದಲ್ಲಿ ಎಥನಾಲಿನ ಪಾಲು ಹತ್ತರಲ್ಲಿ ಒಂದರ ಆಸುಪಾಸಿನಲ್ಲಿದ್ದರೆ, ಉಳಿದದ್ದು ಬಹುಪಾಲು ನೀರೇ. ಭಟ್ಟಿ ಇಳಿಸಿ ಅದನ್ನು ತೆಗೆಯುತ್ತ ಹೋದಂತೆ, ತೂಕದಲ್ಲಿ ಶೇ. 95.6ರ ಹಂತಕ್ಕೆ ಬಂದಾಗ ದ್ರವ ಮತ್ತು ಅದರ ಆವಿ ಎರಡರಲ್ಲೂ ಎಥನಾಲ್–ನೀರಿನ ಪ್ರಮಾಣ ಒಂದೇ ಆಗಿಬಿಡುತ್ತದೆ. ಅಜಿಯೋಟ್ರೋಪ್ ಎಂದು ಕರೆಯಲಾಗುವ ಈ ಮಿಶ್ರಣವು 78.2 ಡಿಗ್ರಿ ಸೆಲ್ಸಿಯಸ್‌ನಲ್ಲಿ ಒಂದೇ ವಸ್ತುವಿನಂತೆ ಕುದಿಯುವುದರಿಂದ, ಎಷ್ಟೇ ಇಂಧನ ಸುಟ್ಟರೂ ಸಾಮಾನ್ಯ ಭಟ್ಟಿ ಮುಂದಕ್ಕೆ ಸಾಗದು. ಹಿಂದೆ ಬೆಂಜೀನನ್ನು ಬೆರೆಸಿ ಈ ಗಂಟನ್ನು ಬಿಡಿಸುತ್ತಿದ್ದರು. ಈಗ ಹೆಚ್ಚಿನ ಕಾರ್ಖಾನೆಗಳು ನೀರಿನ ಅಣುಗಳನ್ನು ತನ್ನ ಸೂಕ್ಷ್ಮ ರಂಧ್ರಗಳಲ್ಲಿ ಹಿಡಿದಿಡುವ ಜಿಯೋಲೈಟ್ ಹರಳುಗಳ ಆಣ್ವಿಕ ಜರಡಿಯನ್ನು ನೆಚ್ಚಿವೆಯಾದರೂ, ತುಂಬಿದ ಹರಳುಗಳನ್ನು ಮತ್ತೆ ಮತ್ತೆ ಒಣಗಿಸಬೇಕಾಗುತ್ತದೆ.

ಪರ್ವೇಪರೇಶನ್ ಎಂಬ ಪೊರೆಯ ವಿಧಾನ ಬೇರೆಯೇ ದಾರಿ ಹಿಡಿಯುತ್ತದೆ. ನೀರನ್ನು ಇಷ್ಟಪಡುವ ಪಾಲಿವಿನೈಲ್ ಆಲ್ಕೋಹಾಲ್‌ನ ತೆಳುಪೊರೆಯ ಒಂದು ಬದಿಯಲ್ಲಿ ಬಿಸಿ ದ್ರವವನ್ನು ಹರಿಸಿ, ಇನ್ನೊಂದು ಬದಿಯಲ್ಲಿ ನಿರ್ವಾತವನ್ನು ಉಂಟುಮಾಡಿದಾಗ, ನೀರು ಮೊದಲು ಪೊರೆಯೊಳಗೆ ಕರಗಿ, ಅದರ ಮೂಲಕ ವಿಸರಿಸಿ, ಆಚೆ ಆವಿಯಾಗಿ ಹೊರಬೀಳುತ್ತದೆ. ಎಥನಾಲ್ ಬಹುಮಟ್ಟಿಗೆ ಈಚೆಗೇ ಉಳಿಯುತ್ತದೆ. ಇಲ್ಲಿ ಬೇರ್ಪಡಿಕೆಯನ್ನು ನಿರ್ಧರಿಸುವುದು ಕುದಿಬಿಂದುವಲ್ಲ, ಅಣುವಿಗೂ ಪೊರೆಗೂ ಇರುವ ಒಲವು. ಆದ್ದರಿಂದ ಅಜಿಯೋಟ್ರೋಪ್ ಅಡ್ಡಿಯಾಗುವುದಿಲ್ಲ. ಇಡೀ ಎಥನಾಲನ್ನು ಆವಿಯಾಗಿಸುವ ಬದಲು ಉಳಿದ ಅಲ್ಪ ನೀರನ್ನಷ್ಟೇ ಆವಿಯಾಗಿಸುವುದರಿಂದ ಶಾಖದ ಉಳಿತಾಯವೂ ಗಣನೀಯ.

ಪೊರೆಯ ದೌರ್ಬಲ್ಯವೂ ಅದರ ಗುಣದಲ್ಲೇ ಇದೆ: ನೀರನ್ನು ಹೆಚ್ಚು ಹೀರಿದಷ್ಟೂ ಅದು ಉಬ್ಬಿ, ಸಡಿಲಗೊಂಡು, ಎಥನಾಲನ್ನೂ ಬಿಟ್ಟುಕೊಡುತ್ತದೆ. ಧಾರವಾಡದ ಕರ್ನಾಟಕ ವಿಶ್ವವಿದ್ಯಾಲಯದಲ್ಲಿ ತೇಜರಾಜ್ ಅಮಿನಭಾವಿ ಮತ್ತು ಅವರ ಸಂಗಡಿಗರು ದೀರ್ಘಕಾಲ ತೊಡಗಿದ್ದುದು ಈ ಸಮಸ್ಯೆಯಲ್ಲೇ. ಕಂದು ಕಡಲಪಾಚಿಯಿಂದ ದೊರೆಯುವ ಸೋಡಿಯಂ ಆಲ್ಜಿನೇಟಿನಂಥ ಪಾಲಿಮರುಗಳ ಸರಪಳಿಗಳನ್ನು ಅಡ್ಡಬಂಧಗಳಿಂದ ಬಿಗಿಗೊಳಿಸಿ, ಜಿಯೋಲೈಟ್ ಕಣಗಳನ್ನು ಸೇರಿಸಿ ಅವರು ರೂಪಿಸಿದ ಪೊರೆಗಳು ಕನ್ನಡ ನಾಡಿನ ವಿಜ್ಞಾನದ ಹೆಮ್ಮೆಯ ಕೆಲಸ.

ಡೊಂಬಿವಲಿಯ ಎಂಐಡಿಸಿ ಮತ್ತು ಠಾಣೆ–ಬೇಲಾಪುರ ಪಟ್ಟಿಯಂಥ ರಾಸಾಯನಿಕ ವಲಯಗಳಿಗೂ ಇದು ದೂರದ ಸಂಗತಿಯಲ್ಲ. ಔಷಧ ತಯಾರಿಕೆಯ ದ್ರಾವಕವಾದ ಐಸೊಪ್ರೊಪೈಲ್ ಆಲ್ಕೋಹಾಲ್ ಸಹ ನೀರಿನೊಡನೆ ಅಜಿಯೋಟ್ರೋಪ್ ಆಗುವುದರಿಂದ, ಬಳಸಿದ ದ್ರಾವಕವನ್ನು ಮರಳಿ ಒಣಗಿಸಲು ಇದೇ ಪೊರೆ ನೆರವಾಗುತ್ತದೆ. ಭಟ್ಟಿಯನ್ನು ಪೂರ್ತಿ ಕೈಬಿಡುವುದು ಸದ್ಯಕ್ಕೆ ಲಾಭದಾಯಕವಲ್ಲ. ಹೆಚ್ಚಿನ ನೀರನ್ನು ಭಟ್ಟಿ ತೆಗೆದು, ಕೊನೆಯ ನೀರನ್ನು ಪೊರೆ ತೆಗೆಯುವ ಜೋಡಿ ವಿಧಾನವೇ ಹೆಚ್ಚು ಸೂಕ್ತ.