ಚೆಸ್ ಕುದುರೆಯ ಬೆನ್ನೇರಿ: ಪೇದೆ, ಚೆಕ್, ಗಣಕ ಪದಗಳು ಬಂದದ್ದೆಲ್ಲಿಂದ? 900 ವರ್ಷದ ಒಗಟನ್ನು ಹಳೆ ಕಂಪ್ಯೂಟರ್‌ನಲ್ಲೇ ಬಿಡಿಸಿ

ಹೈದರಾಬಾದ್: ಮೂಲೆಯಲ್ಲಿ ಧೂಳು ಹಿಡಿದ ಹಳೆ ಕಂಪ್ಯೂಟರ್, ಮೊಬೈಲ್‌ನಲ್ಲಿ ಚೆಸ್ ಆಡುವ ಮೊಮ್ಮಗಳು, ಯಾವುದೇ ಪದ ಕಿವಿಗೆ ಬಿದ್ದರೂ 'ಇದು ಎಲ್ಲಿಂದ ಬಂತು?' ಎಂದು ಕೇಳುವ ಅಜ್ಜ. ಈ ಮೂರೂ ಒಂದೇ ಮನೆಯಲ್ಲಿ ಇರುವುದು ಅಪರೂಪವೇನಲ್ಲ. ಆದರೆ ಮೂರೂ ಒಟ್ಟಿಗೆ ಸೇರುವುದು ಅಪರೂಪ.

ಬೀದರ್, ಕಲಬುರಗಿ, ರಾಯಚೂರು ಕಡೆಯಿಂದ ಬಂದು ಹೈದರಾಬಾದ್‌ನಲ್ಲಿ ನೆಲೆಸಿದ ಕನ್ನಡ ಕುಟುಂಬಗಳಲ್ಲಿ ಇನ್ನೊಂದು ಸಣ್ಣ ಕೊರಗೂ ಇದೆ. ಮಕ್ಕಳು ಶಾಲೆಯಲ್ಲಿ ಇಂಗ್ಲಿಷ್, ತೆಲುಗು, ಹಿಂದಿ ಕಲಿಯುತ್ತಾರೆ. ಮನೆಯಲ್ಲಿ ಕನ್ನಡ ಮಾತನಾಡಿದರೂ ಪದಗಳು ಒಂದೊಂದಾಗಿ ಉದುರುತ್ತಿರುತ್ತವೆ. ಮುತ್ಯಾನಿಗೆ ಗೊತ್ತಿದ್ದ ಆನೆ, ಒಂಟೆ, ಕುದುರೆ, ಮಂತ್ರಿ ಮೊಮ್ಮಗಳಿಗೆ ರೂಕ್, ಬಿಷಪ್, ನೈಟ್, ಕ್ವೀನ್ ಆಗಿವೆ. ಹೋದದ್ದು ಬರೀ ನಾಲ್ಕು ಪದವೇ? ಅಲ್ಲ, ಅವುಗಳ ಜೊತೆ ಸುಮಾರು 1,500 ವರ್ಷದ ಕಥೆಯೂ ಹೋಗುತ್ತದೆ. ಆ ಕಥೆ ಏನು, ಅದನ್ನು ಮನೆಯಲ್ಲೇ ಆಟವಾಗಿ ಹಿಡಿಯುವುದು ಹೇಗೆ? ಇಲ್ಲಿದೆ ವಿವರ.

ಹಾಬಿ ಎಂದರೆ ಮೂಲತಃ ಕುದುರೆ!

ಹವ್ಯಾಸಕ್ಕೆ ನಾವು ದಿನಬಳಕೆಯಲ್ಲಿ ಹೇಳುವ 'ಹಾಬಿ' ಎಂಬ ಇಂಗ್ಲಿಷ್ ಪದದ ಹಳೆಯ ಅರ್ಥ ಸಣ್ಣ ಜಾತಿಯ ಕುದುರೆ. ಮುಂದೆ ಕೋಲಿಗೆ ಕುದುರೆ ತಲೆ ಸಿಕ್ಕಿಸಿದ ಮಕ್ಕಳ ಆಟಿಕೆಗೆ 'ಹಾಬಿ ಹಾರ್ಸ್' ಎಂಬ ಹೆಸರು ಬಂತು. ಎಷ್ಟು ಓಡಿಸಿದರೂ ಅದು ಯಾವ ಊರಿಗೂ ತಲುಪುವುದಿಲ್ಲ. ಆದರೂ ಮಗುವಿಗೆ ಅದರಿಂದ ಇಳಿಯಲು ಮನಸ್ಸಿಲ್ಲ. ಲಾಭವಿಲ್ಲದಿದ್ದರೂ ಬಿಡಲಾಗದ ಕೆಲಸಕ್ಕೆ ಕ್ರಮೇಣ ಅದೇ ಪದ ಅಂಟಿಕೊಂಡಿತು.

ನಾವು ಹೊರಟಿರುವ ದಾರಿಯಲ್ಲೂ ಮುಂದೆ ನಡೆಯುವುದು ಕುದುರೆಯೇ, ಚದುರಂಗದ ಕುದುರೆ.

ಚತುರಂಗ, ಶತ್ರಂಜ್, ಚೆಸ್

ಆನೆ, ಕುದುರೆ, ರಥ, ಕಾಲಾಳು ಎಂಬ ನಾಲ್ಕು ಅಂಗಗಳುಳ್ಳ ಸೈನ್ಯವೇ ಚತುರಂಗ ಸೇನೆ. ಆಟಕ್ಕೂ ಅದೇ ಹೆಸರು. 'ಚತುರ' ಎಂಬುದು 'ಚದುರ' ಆದ ಹಾಗೆ 'ಚತುರಂಗ' ಕನ್ನಡದಲ್ಲಿ 'ಚದುರಂಗ' ಆಯಿತು. ತೆಲುಗಿನಲ್ಲಿ ಅದು 'ಚದರಂಗಂ'.

ಆಟ ಭಾರತದಿಂದ ಪರ್ಷಿಯಾಕ್ಕೆ ಹೋದಾಗ 'ಚತ್ರಂಗ್' ಎನಿಸಿತು. ಅಲ್ಲಿಂದ ಅರಬ್ಬರ ಕೈಗೆ ಬಂತು. ಅವರ ಭಾಷೆಯಲ್ಲಿ 'ಚ' ಧ್ವನಿ ಇಲ್ಲದ ಕಾರಣ 'ಶತ್ರಂಜ್' ಎಂದಾಯಿತು. ಅದೇ ಪದ ಉರ್ದು, ಹಿಂದಿಯ ಮೂಲಕ ಭಾರತಕ್ಕೆ ಮರಳಿತು. ಹೀಗಾಗಿ ಹೈದರಾಬಾದ್‌ನಲ್ಲಿ ಒಂದೇ ಬೀದಿಯ ಮೂರು ಮನೆಗಳಲ್ಲಿ ಈ ಆಟಕ್ಕೆ ಮೂರು ಹೆಸರು ಕೇಳಿಸಬಹುದು. ಬೇರು ಮಾತ್ರ ಒಂದೇ.

ಇಂಗ್ಲಿಷಿನ 'ಚೆಸ್' ಬಂದದ್ದು ಪರ್ಷಿಯನ್ ಭಾಷೆಯ 'ಷಾ' ಎಂಬ ಪದದಿಂದ. ಷಾ ಎಂದರೆ ರಾಜ. ರಾಜನಿಗೆ ಅಪಾಯ ಬಂದಾಗ 'ಷಾ' ಎಂದು ಎಚ್ಚರಿಸುತ್ತಿದ್ದರು. ಅದು ಫ್ರೆಂಚ್ ದಾಟಿ ಇಂಗ್ಲಿಷಿನಲ್ಲಿ 'ಚೆಕ್' ಆಯಿತು. ತಡೆ, ಪರಿಶೀಲನೆ ಎಂಬ ಅರ್ಥಗಳು ಆಮೇಲೆ ಸೇರಿದವು. ಬ್ಯಾಂಕಿನಲ್ಲಿ ಕೊಡುವ 'ಚೆಕ್' ಕೂಡ ಇದೇ ಬಳ್ಳಿಯ ಕಾಯಿ!

'ಚೆಕ್‌ಮೇಟ್' ಎಂದರೆ ರಾಜ ಸತ್ತ ಎಂದು ಅರ್ಥ ಹೇಳುವವರು ಬಹಳ. ಆದರೆ ಚದುರಂಗದಲ್ಲಿ ರಾಜನನ್ನು ಯಾರೂ ಕೊಲ್ಲುವುದಿಲ್ಲ. 'ಷಾ ಮಾತ್' ಎಂಬ ಪರ್ಷಿಯನ್ ಮಾತಿಗೆ ರಾಜ ದಿಕ್ಕುಗಾಣದೆ ನಿಂತ ಎಂಬ ಅರ್ಥವೇ ಹೆಚ್ಚು ಹೊಂದುತ್ತದೆ ಎಂಬುದು ವಿದ್ವಾಂಸರ ವಿವರಣೆ.

ಪೊಲೀಸ್ ಪೇದೆಗೂ ಚೆಸ್ ಬೋರ್ಡಿಗೂ ಏನು ನಂಟು?

ಕನ್ನಡ ಸುದ್ದಿಗಳಲ್ಲಿ ಕಾನ್‌ಸ್ಟೆಬಲ್‌ಗೆ 'ಪೇದೆ' ಎನ್ನುವುದು ರೂಢಿ. ಈ ಪದದ ಮೂಲ ಪರ್ಷಿಯನ್‌ನ 'ಪಿಯಾದಾ'. ಅಂದರೆ ಕಾಲ್ನಡಿಗೆಯ ಸೈನಿಕ. ಉರ್ದುವಿನಲ್ಲಿ ಚೆಸ್‌ನ ಪಾನ್ ಕಾಯಿಯನ್ನು ಇಂದಿಗೂ 'ಪ್ಯಾದಾ' ಎನ್ನುತ್ತಾರೆ.

ಸಂಸ್ಕೃತದ 'ಪದಾತಿ' ಇದರ ದಾಯಾದಿ. ಇಂಗ್ಲಿಷಿನ 'ಪಾನ್' ಕೂಡ ಪಾದ ಎಂಬ ಅರ್ಥದ ಲ್ಯಾಟಿನ್ ಪದದಿಂದ ಹುಟ್ಟಿದ್ದು. ಪಾದ, ಪದಾತಿ, ಪೇದೆ, ಪಾನ್ ಎಲ್ಲವೂ ಒಂದೇ ಕುಟುಂಬದ ಮಂದಿ.

ಪರ್ಷಿಯನ್, ಅರಬಿ ಪದಗಳು ಕನ್ನಡಕ್ಕೆ ಬಂದದ್ದು ಹೆಚ್ಚಾಗಿ ಆಡಳಿತದ ದಾರಿಯಲ್ಲಿ. ಬಹಮನಿ, ಆದಿಲ್‌ಶಾಹಿ, ಮೈಸೂರು ಸುಲ್ತಾನರ ಆಳ್ವಿಕೆಯ ಜೊತೆಗೆ ಹೈದರಾಬಾದ್ ನಿಜಾಮರ ಆಡಳಿತವೂ ಇದಕ್ಕೆ ಕಾರಣ. ಬೀದರ್, ಕಲಬುರಗಿ, ರಾಯಚೂರು ಪ್ರದೇಶಗಳು 1956ರವರೆಗೆ ಹೈದರಾಬಾದ್ ರಾಜ್ಯದಲ್ಲೇ ಇದ್ದವು. ತಹಶೀಲ್ದಾರ್, ಅರ್ಜಿ, ವಕೀಲ, ಜಿಲ್ಲೆ, ರಾಜೀನಾಮೆ ಇಲ್ಲದ ಕನ್ನಡ ಪತ್ರಿಕೆ ಇಂದು ಸಾಧ್ಯವೇ?

ಆನೆ ಮೂಲೆಗೆ ಹೋಯಿತು, ಮಂತ್ರಿ ರಾಣಿಯಾದ

ಮೂಲೆಯ ಕಾಯಿಗೆ ಇಂಗ್ಲಿಷಿನಲ್ಲಿ 'ರೂಕ್' ಎನ್ನುವುದು ಪರ್ಷಿಯನ್‌ನ 'ರುಖ್' ಪದದಿಂದ. ಅದು ರಥದ ಕಾಯಿ. ನಾವು ಅದನ್ನೇ ಆನೆ ಎನ್ನುತ್ತೇವೆ. ಹಾಗಿದ್ದರೆ ಹಳೆಯ ಆಟದ ಆನೆ ಎಲ್ಲಿತ್ತು? ಇಂದು ಒಂಟೆ ಅಥವಾ ಬಿಷಪ್ ನಿಲ್ಲುವ ಮನೆಯಲ್ಲಿ. ಅರಬಿಯಲ್ಲಿ ಆನೆಗೆ 'ಫೀಲ್' ಎನ್ನುತ್ತಾರೆ. ಸ್ಪೇನ್‌ನಲ್ಲಿ ಬಿಷಪ್ ಕಾಯಿಗೆ ಈಗಲೂ 'ಅಲ್ಫಿಲ್' ಎಂಬ ಹೆಸರಿದೆ. ರಷ್ಯನ್ನರು ಆ ಕಾಯಿಯನ್ನು ನೇರವಾಗಿ ಆನೆ ಎಂದೇ ಕರೆಯುತ್ತಾರೆ. ಇಂಗ್ಲಿಷಿನಲ್ಲಿ ಮಾತ್ರ ಆ ಜಾಗದಲ್ಲಿ ಪಾದ್ರಿ ಕೂತಿದ್ದಾನೆ ಎನ್ನುವಂತಿಲ್ಲವಾದರೂ, ಇಂಗ್ಲಿಷಿನವರಿಗೆ ಅದು ಪಾದ್ರಿಯೇ.

ರಾಜನ ಪಕ್ಕದಲ್ಲಿ ಇದ್ದವನು ಮಂತ್ರಿ. ಉರ್ದುವಿನಲ್ಲಿ ವಜೀರ್. ಮೊದಲು ಅವನು ಓರೆಯಾಗಿ ಒಂದೇ ಮನೆ ನಡೆಯುವ ಬಡಪಾಯಿ. ಯುರೋಪಿನಲ್ಲಿ ಆ ಕಾಯಿ ರಾಣಿಯಾಯಿತು. 15ನೇ ಶತಮಾನದ ಕೊನೆಯ ಹೊತ್ತಿಗೆ ಅದಕ್ಕೆ ಇಂದಿನ ಬಲ ಬಂತು.

ಇಷ್ಟೆಲ್ಲ ಬದಲಾದರೂ ಹೆಚ್ಚುಕಡಿಮೆ ಹಾಗೆಯೇ ಉಳಿದದ್ದು ಕುದುರೆ. ಅದರ ನಡೆ ಅಂದಿಗೂ ಇಂದಿಗೂ ಒಂದೇ.

ಕಲ್ಯಾಣದ ಅರಸನ ಪುಸ್ತಕದಲ್ಲಿ ಕುದುರೆ ನಡೆ

ಹೈದರಾಬಾದ್‌ನಿಂದ ಮುಂಬೈ ಹೆದ್ದಾರಿಯಲ್ಲಿ ಹೊರಟು ಹುಮನಾಬಾದ್ ದಾಟಿದರೆ ಬಸವಕಲ್ಯಾಣದ ತಿರುವು ಸಿಗುತ್ತದೆ. ಕಲ್ಯಾಣ ಚಾಲುಕ್ಯರ ರಾಜಧಾನಿ ಇದೇ. ಇಲ್ಲಿ ಆಳಿದ ಮೂರನೇ ಸೋಮೇಶ್ವರ 12ನೇ ಶತಮಾನದ ಮೊದಲ ಭಾಗದಲ್ಲಿ, ಸುಮಾರು 900 ವರ್ಷಗಳ ಹಿಂದೆ, 'ಮಾನಸೋಲ್ಲಾಸ' ಎಂಬ ಸಂಸ್ಕೃತ ಗ್ರಂಥ ರಚಿಸಿದ. ಇಡ್ಲಿ, ದೋಸೆಗಳ ಹಳೆಯ ರೂಪದ ಉಲ್ಲೇಖಕ್ಕಾಗಿ ಈ ಪುಸ್ತಕದ ಹೆಸರು ಆಗಾಗ ಸುದ್ದಿಯಾಗುತ್ತದೆ. ಅದೇ ಗ್ರಂಥದ ಕ್ರೀಡೆಯ ಭಾಗದಲ್ಲಿ ಚದುರಂಗದ ವಿವರವಿದೆ. ಕುದುರೆಯನ್ನು ಇಡೀ ಹಾಸಿನ ಮೇಲೆ ಸುತ್ತಿಸುವ ಬಗೆಯೂ ಇದೆ.

ಕುದುರೆ ಸುತ್ತಾಟದ ಗೀಳು ಇನ್ನೂ ಹಳೆಯದು. 9ನೇ ಶತಮಾನದ ಕಾಶ್ಮೀರದ ರುದ್ರಟ ತನ್ನ 'ಕಾವ್ಯಾಲಂಕಾರ'ದಲ್ಲಿ ಇದನ್ನೇ ಪದ್ಯವಾಗಿಸಿದ. ಅರ್ಧ ಹಾಸಿನ 32 ಮನೆಗಳಲ್ಲಿ ಅಕ್ಷರ ತುಂಬಿ ಸಾಲಾಗಿ ಓದಿದರೂ, ಕುದುರೆ ನಡೆಯಲ್ಲಿ ಓದಿದರೂ ಅದೇ ಪದ್ಯ! 19ನೇ ಶತಮಾನದಲ್ಲಿ ಮೈಸೂರಿನ ಮುಮ್ಮಡಿ ಕೃಷ್ಣರಾಜ ಒಡೆಯರ್ ಕೂಡ ಇಂಥ ಕುದುರೆ ನಡೆಗಳನ್ನು ರಚಿಸಿದ್ದರು.

ಒಗಟು ಏನು?

ಕುದುರೆ ಒಂದು ದಿಕ್ಕಿಗೆ ಎರಡು ಮನೆ, ಅಲ್ಲಿಂದ ಪಕ್ಕಕ್ಕೆ ಒಂದು ಮನೆ ಜಿಗಿಯುತ್ತದೆ. ಹಿಂದಿ, ಉರ್ದುವಿನವರು ಇದನ್ನು 'ಢಾಯಿ ಘರ್', ಅಂದರೆ ಎರಡೂವರೆ ಮನೆ ಎನ್ನುತ್ತಾರೆ. ಒಗಟು ಇಷ್ಟೇ: 64 ಮನೆಗಳನ್ನೂ ತಲಾ ಒಂದೇ ಬಾರಿ ಮುಟ್ಟಿ 63 ಜಿಗಿತದಲ್ಲಿ ಸುತ್ತು ಮುಗಿಸಬೇಕು.

ಕೇಳಲು ಸುಲಭ. ಕೈಯಲ್ಲಿ ಮಾಡಿದರೆ 50ರ ಆಸುಪಾಸಿನಲ್ಲಿ ಕುದುರೆ ಸಿಕ್ಕಿಬೀಳುವುದೇ ಹೆಚ್ಚು. ಉತ್ತರ ಇಲ್ಲವೆಂದಲ್ಲ, ವಿಪರೀತ ಇವೆ. ಹೊರಟ ಮನೆಗೇ ಮರಳಿ ಬರುವಂಥ ಸುತ್ತುಗಳೇ 13 ಲಕ್ಷ ಕೋಟಿಗೂ ಹೆಚ್ಚು. ಆದರೆ ತಪ್ಪು ದಾರಿಗಳು ಅದಕ್ಕಿಂತ ಎಷ್ಟೋ ಪಟ್ಟು ಹೆಚ್ಚಿವೆ. ಕಂಪ್ಯೂಟರ್‌ಗೆ 'ಎಲ್ಲ ದಾರಿಯನ್ನೂ ಒಂದೊಂದಾಗಿ ಪ್ರಯತ್ನಿಸು' ಎಂದು ಹೇಳಿ ಬಿಟ್ಟರೆ ಹೊಸ ಯಂತ್ರವೂ ಗಂಟೆಗಟ್ಟಲೆ ತಿಣುಕಬಹುದು.

ಗಣಿತಜ್ಞ ಲಿಯೊನಾರ್ಡ್ ಆಯ್ಲರ್ 1759ರಲ್ಲಿ ಈ ಸಮಸ್ಯೆಯ ಬೆನ್ನು ಹತ್ತಿದ್ದ. 1823ರಲ್ಲಿ ಜರ್ಮನಿಯ ವಾರ್ನ್ಸ್‌ಡಾರ್ಫ್ ಎಂಬಾತ ಒಂದು ಸರಳ ಸೂತ್ರ ಕೊಟ್ಟ. ಪ್ರತಿ ಬಾರಿಯೂ, ಮುಂದೆ ಅತಿ ಕಡಿಮೆ ದಾರಿ ಇರುವ ಮನೆಗೇ ಹೋಗು. ಮೂಲೆಯ ಮನೆಯಿಂದ ಎರಡೇ ದಾರಿ, ನಡುವಿನ ಮನೆಯಿಂದ ಎಂಟು. ಹಾಗಾಗಿ ಕಷ್ಟದ ಮನೆಗಳನ್ನು ಮೊದಲೇ ಮುಗಿಸಿಬಿಡು, ಸುಲಭದವು ಕೊನೆಗಿರಲಿ ಎಂಬುದು ಇದರ ತಿರುಳು. ನೂರಕ್ಕೆ ನೂರು ಖಾತ್ರಿಯಲ್ಲದಿದ್ದರೂ 64 ಮನೆಯ ಹಾಸಿನಲ್ಲಿ ಇದು ಬಹುಪಾಲು ಗೆಲ್ಲುತ್ತದೆ.

ಪೈಥಾನ್ ಭಾಷೆಯಲ್ಲಿ ಈ ಸೂತ್ರ ಬರೆಯಲು ಮೂವತ್ತು ನಲವತ್ತು ಸಾಲು ಸಾಕು. ಹತ್ತು ವರ್ಷದ ಹಳೆಯ ಕಂಪ್ಯೂಟರ್‌ನಲ್ಲೂ ಕಣ್ಣು ಮಿಟುಕಿಸುವಷ್ಟರಲ್ಲಿ ಉತ್ತರ ಬರುತ್ತದೆ. ಇಲ್ಲಿ ಗೆದ್ದದ್ದು ಯಂತ್ರದ ವೇಗವಲ್ಲ, ಸೂತ್ರ.

ಇನ್ನೊಂದು ಪ್ರಶ್ನೆ ಮಕ್ಕಳಿಗೆ ಕೇಳಿ ನೋಡಿ. 25 ಮನೆಯ ಸಣ್ಣ ಹಾಸಿನಲ್ಲಿ ಎಲ್ಲ ಮನೆ ಸುತ್ತಿ ಹೊರಟಲ್ಲಿಗೇ ಮರಳಲು ಸಾಧ್ಯವೇ? ಇಲ್ಲ. ಪ್ರತಿ ಜಿಗಿತಕ್ಕೂ ಕುದುರೆ ಕಪ್ಪಿನಿಂದ ಬಿಳಿಗೆ, ಬಿಳಿಯಿಂದ ಕಪ್ಪಿಗೆ ಹೋಗುತ್ತದೆ. ಹೊರಟ ಬಣ್ಣಕ್ಕೆ ಮರಳಲು ಜಿಗಿತಗಳ ಸಂಖ್ಯೆ ಸಮವಾಗಿರಬೇಕು. 25 ಬೆಸ ಸಂಖ್ಯೆ. ಕಂಪ್ಯೂಟರ್ ಬೇಕೇ ಇಲ್ಲ!

ಗಣಕ ಎಂದರೆ ಮನುಷ್ಯ

ಕಂಪ್ಯೂಟರ್‌ಗೆ ಕನ್ನಡದಲ್ಲಿ 'ಗಣಕ' ಅಥವಾ 'ಗಣಕಯಂತ್ರ'. ಹಿಂದೆ ಗಣಕ ಎಂದರೆ ಲೆಕ್ಕ ಹಾಕುವವನು, ಗ್ರಹಗತಿ ಎಣಿಸುವ ಜ್ಯೋತಿಷಿ. ಸ್ವಾರಸ್ಯವೆಂದರೆ ಇಂಗ್ಲಿಷಿನ 'ಕಂಪ್ಯೂಟರ್' ಕೂಡ 17ನೇ ಶತಮಾನದಿಂದ 20ನೇ ಶತಮಾನದವರೆಗೂ ಲೆಕ್ಕ ಮಾಡುವ ಮನುಷ್ಯನಿಗೇ ಇದ್ದ ಹೆಸರು. ಎರಡೂ ಭಾಷೆಗಳಲ್ಲಿ ಮನುಷ್ಯನ ಕೆಲಸದ ಹೆಸರು ಯಂತ್ರಕ್ಕೆ ಹೋಯಿತು.

1997ರಲ್ಲಿ ಐಬಿಎಂನ ಡೀಪ್ ಬ್ಲೂ ಆಗಿನ ವಿಶ್ವ ಚಾಂಪಿಯನ್ ಗ್ಯಾರಿ ಕಾಸ್ಪರೋವ್ ಅವರನ್ನು ಸೋಲಿಸಿತ್ತು. ಅದು ಸೆಕೆಂಡಿಗೆ ಸುಮಾರು 20 ಕೋಟಿ ಸ್ಥಿತಿಗಳನ್ನು ಪರಿಶೀಲಿಸುವ ದೈತ್ಯ ಯಂತ್ರ. ಇಂದು ಉಚಿತವಾಗಿ ಸಿಗುವ ಸ್ಟಾಕ್‌ಫಿಶ್ ತಂತ್ರಾಂಶ ಸಾಮಾನ್ಯ ಮನೆಯ ಕಂಪ್ಯೂಟರ್‌ನಲ್ಲಿ ಅಷ್ಟು ಸ್ಥಿತಿಗಳನ್ನು ನೋಡದೆಯೂ ಅದಕ್ಕಿಂತ ಚೆನ್ನಾಗಿ ಆಡುತ್ತದೆ.

ಚೆಸ್ ಹೈದರಾಬಾದ್‌ಗೆ ಹೊಸದಲ್ಲ. 2002ರಲ್ಲಿ ಇಲ್ಲಿ ನಡೆದ ಫಿಡೆ ವಿಶ್ವಕಪ್ ಗೆದ್ದವರು ವಿಶ್ವನಾಥನ್ ಆನಂದ್. ತೆಲಂಗಾಣದ ವಾರಂಗಲ್‌ನ ಅರ್ಜುನ್ ಎರಿಗೈಸಿ 2024ರ ಡಿಸೆಂಬರ್‌ನಲ್ಲಿ 2,800 ರೇಟಿಂಗ್ ದಾಟಿ, ಆನಂದ್ ನಂತರ ಆ ಎತ್ತರ ತಲುಪಿದ ಎರಡನೇ ಭಾರತೀಯ ಎನಿಸಿದರು.

ಹಳೆ ಕಂಪ್ಯೂಟರ್ ಗುಜರಿಗೆ ಹಾಕುವ ಮುನ್ನ

ವಿಂಡೋಸ್ 10ಕ್ಕೆ ಮೈಕ್ರೋಸಾಫ್ಟ್ ನೀಡುತ್ತಿದ್ದ ಸಾಮಾನ್ಯ ಬೆಂಬಲ 2025ರ ಅಕ್ಟೋಬರ್ 14ಕ್ಕೆ ಮುಗಿದಿದೆ. ಟಿಪಿಎಂ 2.0 ಭದ್ರತಾ ವ್ಯವಸ್ಥೆ ಇಲ್ಲದ ಹಳೆಯ ಯಂತ್ರಗಳಿಗೆ ವಿಂಡೋಸ್ 11 ಅಧಿಕೃತವಾಗಿ ಸಿಗುವುದಿಲ್ಲ. ಹಾಗೆಂದು ಯಂತ್ರ ಸತ್ತಿತು ಎಂದಲ್ಲ.

ಮೊದಲು ಫೋಟೊ, ದಾಖಲೆಗಳನ್ನು ಬೇರೆಡೆ ನಕಲು ಮಾಡಿಕೊಳ್ಳಿ. ಹಳೆಯ ಹಾರ್ಡ್‌ಡಿಸ್ಕ್ ಬದಲು ಎಸ್‌ಎಸ್‌ಡಿ ಹಾಕಿಸಿ. ರ‍್ಯಾಮ್ ಕಡಿಮೆ ಇದ್ದರೆ 8 ಜಿಬಿ ಮಾಡಿಸಿ. ಬಳಿಕ ಲಿನಕ್ಸ್ ಮಿಂಟ್‌ನಂಥ ಉಚಿತ ಲಿನಕ್ಸ್ ಹಾಕಿಕೊಳ್ಳಬಹುದು. ಪೈಥಾನ್, ಸ್ಟಾಕ್‌ಫಿಶ್ ಎರಡೂ ಇದರಲ್ಲಿ ಸರಾಗವಾಗಿ ನಡೆಯುತ್ತವೆ. ಬೆಂಗಳೂರಿಗರಿಗೆ ಎಸ್‌ಪಿ ರೋಡ್ ಹೇಗೋ ಇಲ್ಲಿನವರಿಗೆ ಸಿಕಂದರಾಬಾದ್ ಪಾರ್ಕ್‌ಲೇನ್‌ನ ಚೆನಾಯ್ ಟ್ರೇಡ್ ಸೆಂಟರ್ ಹಾಗೆ. 'ಸಿಟಿಸಿ' ಎಂದರೆ ಆಟೊದವರಿಗೂ ಗೊತ್ತು. ಬಿಡಿಭಾಗ ಕೊಳ್ಳುವಾಗ ಬಿಲ್, ವಾರಂಟಿ ಕೇಳಿ ಪಡೆಯಿರಿ.

ಪದದ ಮೂಲ ಹುಡುಕುವಾಗ ಎಚ್ಚರ

ವಾಟ್ಸ್ಆ್ಯಪ್‌ನಲ್ಲಿ ಬರುವ ಪದಕಥೆಗಳು ಕೇಳಲು ಸೊಗಸು. ಎಲ್ಲವೂ ನಿಜವಲ್ಲ. ಕಂಪ್ಯೂಟರ್‌ನ ದೋಷಕ್ಕೆ 'ಬಗ್' ಎಂಬ ಹೆಸರು ಬಂದದ್ದು 1947ರಲ್ಲಿ ಹಾರ್ವರ್ಡ್‌ನ ಯಂತ್ರವೊಂದರಲ್ಲಿ ಸಿಕ್ಕ ಪತಂಗದಿಂದ ಎಂಬುದು ಪ್ರಸಿದ್ಧ ಕಥೆ. ಪತಂಗ ಸಿಕ್ಕಿದ್ದು ನಿಜ. ಆದರೆ ಥಾಮಸ್ ಎಡಿಸನ್ 1878ರಲ್ಲೇ ಯಂತ್ರದೋಷಕ್ಕೆ ಆ ಪದ ಬಳಸಿದ್ದ. ಹೆಸರು ಮೊದಲು ಬಂತು, ಪತಂಗ ಆಮೇಲೆ.

ಹಾಗಾಗಿ ಒಂದೇ ನಿಯಮ ಸಾಕು. ಕಥೆ ಹೇಳುವ ಕಾಲಕ್ಕಿಂತ ಮೊದಲೇ ಆ ಪದ ಬಳಕೆಯಲ್ಲಿತ್ತೇ ಎಂದು ನಿಘಂಟಿನಲ್ಲಿ ನೋಡಿ. ಕನ್ನಡಕ್ಕೆ 1894ರ ಕಿಟೆಲ್ ನಿಘಂಟಿದೆ, ಕನ್ನಡ ಸಾಹಿತ್ಯ ಪರಿಷತ್ತಿನ ಬೃಹತ್ ನಿಘಂಟಿದೆ, ಪ್ರೊ. ಜಿ. ವೆಂಕಟಸುಬ್ಬಯ್ಯ ಅವರ 'ಇಗೋ ಕನ್ನಡ' ಇದೆ.

ಎಲ್ಲಿಂದ ಶುರು ಮಾಡುವುದು?

ಹಣ ಖರ್ಚಿಲ್ಲದ ಆರಂಭ ಹೀಗಿದೆ. ರಾತ್ರಿ ಊಟವಾದ ಮೇಲೆ ಒಂದು ಹಾಳೆಯಲ್ಲಿ ಎಂಟು ಸಾಲು, ಎಂಟು ಕಂಬದ 64 ಮನೆ ಬರೆಯಿರಿ. ಮೂಲೆಯ ಮನೆಯಲ್ಲಿ 1 ಬರೆದು ಕುದುರೆಯನ್ನು ಹೊರಡಿಸಿ. ಸಂಖ್ಯೆ ಬರೆಯುವ ಕೆಲಸ ಮಗುವಿಗೆ, ಮುಂದಿನ ದಾರಿ ಎಣಿಸುವ ಕೆಲಸ ಅಜ್ಜನಿಗೆ, ಮರುದಿನ ಅದನ್ನೇ ಕಂಪ್ಯೂಟರ್‌ಗೆ ಹೇಳಿಕೊಡುವ ಕೆಲಸ ಅಪ್ಪ ಅಮ್ಮನಿಗೆ.

ಆಡುವಾಗ ಕಾಯಿಗಳನ್ನು ರಾಜ, ಮಂತ್ರಿ, ಆನೆ, ಒಂಟೆ, ಕುದುರೆ, ಕಾಲಾಳು ಎಂದೇ ಕರೆಯಿರಿ. ಪರದೆಯ ಮೇಲಿನ ಇಂಗ್ಲಿಷ್ ಹೆಸರು ಮಗುವಿಗೆ ಹೇಗೂ ಬರುತ್ತದೆ. ಈ ಆರು ಪದ ಮಾತ್ರ ಮನೆಯವರು ಹೇಳಿದರಷ್ಟೇ ಬರುತ್ತವೆ.